ಒಂದು ಸೀಟಿ, ಎರಡು ಸೀಟಿ

ಹನ್ನೊಂದು ವರ್ಷದಲ್ಲಿ ಅವನ ಮುಖ ನಾನು ನೋಡಿದ್ದೇ ಕಡಿಮೆ.
ಡ್ರೈವರಿಗೆ ಕಂಡಕ್ಟರೆಂದರೆ ಬೆನ್ನ ಹಿಂದಿನ ಸದ್ದು:
ಒಂದು ಸೀಟಿಗೆ ಬ್ರೇಕು, ಎರಡಕ್ಕೆ ಗೇರು,
ಮೂರಾದರೆ ಯಾರೋ ಓಡಿ ಬರುತ್ತಿದ್ದಾರೆ, ತಡಿ.
ಕೊರಳಿಗೆ ಕಟ್ಟುವ ಪೀಪಿ ಕೆರಿಯಪ್ಪನಿಗೆ ಆಗದು,
ಬರೀ ತುಟಿ. ನಾಲಗೆ ಮಡಚಿ ಊದಿದನೆಂದರೆ
ಆಯನೂರಿನ ಸರ್ಕಲ್ಲಿನಲ್ಲಿ ದನವೂ ಪಕ್ಕಕ್ಕೆ ಸರಿಯುತ್ತಿತ್ತು.

ಆ ಬುಧವಾರ, ಸೂಡೂರು ದಾಟುತ್ತಿದ್ದಂತೆ
ಹಿಂದಿನಿಂದ ಬಂದದ್ದು ಫುಸ್ ಎಂಬ ಗಾಳಿ.
ಟಯರು ಹೋಯಿತೆಂದು ನಿಲ್ಲಿಸಿ ಇಳಿದೆ,
ಆರೂ ಚಕ್ರ ಒದ್ದು ನೋಡಿದೆ. ಗಟ್ಟಿ.
ಬಾಗಿಲಲ್ಲಿ ನಿಂತು ಅವನೆಂದ:
‘ಟಯರಲ್ಲ ಗಫಾರಣ್ಣ, ನಾನೇ.’

ನೋಡಿದೆ. ಬಾಯಿ ಎಡಕ್ಕೆ ಓಡಿತ್ತು,
ಬಲಗೆನ್ನೆ ಯಾರೋ ಬಿಟ್ಟುಹೋದ ಚೀಲದಂತೆ.

ಬಸ್ಸಿನಲ್ಲಿ ನಲವತ್ತೆಂಟು ಜನ, ನಲವತ್ತೆಂಟು ವೈದ್ಯರು.
ಫುಟ್‌ಬೋರ್ಡಿನ ಗಾಳಿ ಅಂದರು, ವಾಯು ಬಡಿದದ್ದು ಅಂದರು,
ಅರಸಾಳಿನ ಮುದುಕಿಯೊಬ್ಬಳು ಪಾರಿವಾಳದ ರಕ್ತ ಹಚ್ಚೆಂದಳು.
ಹಚ್ಚಿದ. ರಕ್ತದ ಮಾತು ಆಗಲೇ ಬಂದಿತ್ತು ನೋಡಿ,
ಕೆನ್ನೆಯ ಹೊರಗಡೆಯಿಂದ.

ಡಾಕ್ಟರು ಹತ್ತು ದಿನದ ಬಿಳಿ ಮಾತ್ರೆ ಕೊಟ್ಟರು.
ಆರನೇ ದಿನಕ್ಕೆ ಅರ್ಧ ಸೀಟಿ ಬಂತು,
ಪ್ಯಾಸೆಂಜರು ಚಪ್ಪಾಳೆ ತಟ್ಟಿದರು.
ಮಾತ್ರೆ ಮುಗಿದ ವಾರಕ್ಕೆ ಮತ್ತೆ ಫುಸ್.

ರಿಪ್ಪನ್‌ಪೇಟೆಯ ಚಹಾದಂಗಡಿಯಲ್ಲಿ ಲೋಟ ಇಳಿಸಿ ಕೇಳಿದ:
‘ಅಣ್ಣಾ, ನಿಂಗೆ ಸಕ್ಕರೆ ಪೂರ್ತಿ ಸಿಕ್ತದಾ?
ನಂಗೆ ಈ ಕಡೆ ಅಷ್ಟೇ ಸಿಹಿ.
ಆ ಕಡೆ ಬಿಸಿನೀರು.’
ಹೂವಮ್ಮ ಹೇಳುತ್ತಿದ್ದಳು: ರಾತ್ರಿ ಒಂದು ಕಣ್ಣು ಮುಚ್ಚೋದೇ ಇಲ್ಲ,
ನಿದ್ದೆಯಲ್ಲೂ ನನ್ನ ಟಿಕೆಟ್ ಕೇಳಿದ ಹಾಗೆ.

ಶಿವಮೊಗ್ಗದ ದೊಡ್ಡಾಸ್ಪತ್ರೆ. ಇನ್ನೂ ಕಲಿಯುತ್ತಿದ್ದ ಹುಡುಗಿ ಒಬ್ಬಳು
ಎಲ್ಲರೂ ಮುಖ ನೋಡುವಾಗ ಕಿವಿಯ ಹಿಂದೆ ಬೆರಳಿಟ್ಟಳು.
ಅಲ್ಲಿತ್ತು. ಹುಣಿಸೆಬೀಜದಷ್ಟು ಗಟ್ಟಿ,
ನೋವಿಲ್ಲ, ಜ್ವರವಿಲ್ಲ,
ರಕ್ತದ ಚೀಟಿಯಲ್ಲಿ ಎಲ್ಲ ಲೆಕ್ಕ ಸರಿ.
ಅವಳಿಗೆ ಮಾತ್ರ ಸರಿ ಕಾಣಲಿಲ್ಲ.
ಚೂರು ಕತ್ತರಿಸಿ ಕಳಿಸಿದರು.

ಒಂಬತ್ತು ದಿನ.
ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದಳು
(ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರೆ ಭಯವಾಗುತ್ತದೆ):
ಇದು ಮುಖದ ಕಾಯಿಲೆಯಲ್ಲ, ರಕ್ತದ್ದು.
ರಕ್ತದಲ್ಲಿ ಕಾಣುವ ಮೊದಲೇ, ಅಪರೂಪಕ್ಕೆ,
ಹೀಗೆ ಎಲ್ಲೋ ಗಡ್ಡೆ ಕಟ್ಟಿ ಕೂರುತ್ತದೆ,
ಪಕ್ಕದ ನರ ಅಮುಕಿ.
ಒಮ್ಮೊಮ್ಮೆ ಕತ್ತರಿಸಿದ ಗಳಿಗೆ ಹಸಿರಿರುತ್ತದಂತೆ,
ಗಾಳಿ ತಾಗಿದರೆ ಮಾಸುತ್ತದಂತೆ.

ಕೆರಿಯಪ್ಪ ಅರ್ಧ ಬಾಯಲ್ಲಿ ನಕ್ಕ:
‘ಹಸಿರು ಬಿದ್ದರೆ ಹೊರಡಬೇಕಲ್ವಾ ಅಣ್ಣಾ?’
ನನಗೆ ನಗು ಬರಲಿಲ್ಲ. ಹೂವಮ್ಮನಿಗೆ ಬಂತು,
ಅದು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಈಗ ಅವನು ಮಣಿಪಾಲದಲ್ಲಿ.
ನಮ್ಮ ಬಸ್ಸಿಗೆ ಹೊಸ ಹುಡುಗ, ಸ್ಟೀಲಿನ ಪೀಪಿ,
ತಪ್ಪಿಲ್ಲದ ಸದ್ದು. ಆದರೂ ನನ್ನ ಕಾಲಿಗೆ ಅರ್ಥವಾಗದು,
ಒಂದು ಕ್ಷಣ ತಡವಾಗಿ ಬ್ರೇಕಿಗೆ ಹೋಗುತ್ತದೆ.
‘ಏನ್ ಗಫಾರಣ್ಣ, ಕಿವಿ ಮಂದವಾ?’ ಅನ್ನುತ್ತಾನೆ.
ನನಗೂ ಯಾವುದೋ ನರ ಹೋಗಿರಬೇಕು.

ನಿನ್ನೆ ಹೊಸನಗರದಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿದ್ದೆ, ಫೋನು ಬಂತು.
ಮೂರನೇ ಸುತ್ತಿನ ಔಷಧಿ, ಕೂದಲಿಲ್ಲ,
ಬಾಯಲ್ಲಿ ಹುಣ್ಣು. ಮಾತು ಬೇಡವೆಂದೆ.
‘ಮಾತಲ್ಲ, ಕೇಳು’ ಅಂದ.

ಉಸಿರು ತೆಗೆದುಕೊಂಡದ್ದು ಕೇಳಿತು.
ಆಮೇಲೆ ಗಾಳಿ,
ಗಾಳಿಯ ನಡುವೆ, ಸೂಜಿಯಷ್ಟು,
ಸದ್ದಿನ ಹಾಗೆ ಏನೋ.

ಒಂದೋ, ಎರಡೋ
ಗೊತ್ತಾಗಲಿಲ್ಲ.
ಖಾಲಿ ಬಸ್ಸಿನಲ್ಲಿ ಕ್ಲಚ್ಚು ತುಳಿದು
ಹಾಗೇ ಕೂತೆ.